ಗೇನರ್ ಡಬ್ಬ ಬಿಡು, ಮೊದಲು ಮೆಸ್ ತಟ್ಟೆ ಲೆಕ್ಕ ಹಾಕು

ತಮ್ಮಾ, ನಿನ್ನ ಪ್ರಶ್ನೆ ಓದಿದೆ. 62 ಕೆಜಿ ತೂಕ, ಶಿವಮೊಗ್ಗದಲ್ಲಿ ಹಾಸ್ಟೆಲ್, ಜಿಮ್ ಸೇರಿ ಮೂರು ತಿಂಗಳು. ಟ್ರೈನರ್ ಚೀಟಿ ಬರೆದು ಕೊಟ್ಟಿದ್ದಾರೆ: ಮಾಸ್ ಗೇನರ್ (ತೂಕ ಏರಿಸುವ ಪುಡಿ), ವೇ ಪ್ರೋಟೀನ್, ಬಿಸಿಎಎ (ಪ್ರೋಟೀನಿನ ಬಿಡಿಭಾಗಗಳಾದ ಮೂರು ಅಮೈನೋ ಆಸಿಡ್‌ಗಳ ಪುಡಿ), ಪ್ರೀ ವರ್ಕೌಟ್ (ಜಿಮ್‌ಗೆ ಮುಂಚೆ ಕುಡಿಯುವ ಪುಡಿ), ಜೊತೆಗೆ ಕವರಿನಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಮಾತ್ರೆ. ಒಟ್ಟು 9,000 ರೂಪಾಯಿ. ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ನಾನಾಗಿದ್ದರೆ ಸದ್ಯಕ್ಕೆ ಆ ಚೀಟಿಯಲ್ಲಿರುವ ಒಂದನ್ನೂ ತಗೊಳ್ಳುತ್ತಿರಲಿಲ್ಲ, ಚೀಟಿಯಲ್ಲಿ ಇಲ್ಲದ ಒಂದನ್ನು ತಗೊಳ್ಳುತ್ತಿದ್ದೆ.

ಮೊದಲು ಲೆಕ್ಕ. ಭಾರ ಎತ್ತುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. ನಿನಗೆ 100 ಗ್ರಾಂ ಅಂತ ಇಟ್ಟುಕೋ. ಈಗ ನಿನ್ನ ಮೆಸ್ ನೋಡು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾಂಬಾರ್, ರಾತ್ರಿ ಎರಡು ಚಪಾತಿ, ಮತ್ತೆ ಅನ್ನ, ಮಜ್ಜಿಗೆ. ಹಾಸ್ಟೆಲ್ ಸಾಂಬಾರಿನಲ್ಲಿ ಬೇಳೆಯನ್ನು ಸೌಟು ಹಾಕಿ ಹುಡುಕಬೇಕು, ನಾನೂ ನಾಲ್ಕು ವರ್ಷ ತಿಂದವನೇ. ಎಲ್ಲಾ ಸೇರಿ 45 ಗ್ರಾಂ ಆದರೆ ಅದೇ ಹೆಚ್ಚು. ಅಂದರೆ ನಿನಗೆ ಕಮ್ಮಿ ಬೀಳುತ್ತಿರುವುದು ದಿನಕ್ಕೆ 55 ಗ್ರಾಂ, ಅಷ್ಟೇ.

ಮೊಟ್ಟೆ ತಿನ್ನುತ್ತೀಯ ಅಂತ ಬರೆದಿದ್ದೀಯ, ಒಳ್ಳೆಯದಾಯಿತು. ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಕಡ್ಲೆಕಾಯಿ ಬೀಜಕ್ಕೆ 7, 50 ಗ್ರಾಂ ಹುರಿಗಡಲೆಗೆ 10. ಮುಗೀತು ಅಲ್ವಾ? ರೂಮಿನಲ್ಲಿ ಕೆಟಲ್ ಇದ್ದರೆ ಮೊಟ್ಟೆ ಬೇಯಿಸುವುದಕ್ಕೆ ಹತ್ತು ಹನ್ನೆರಡು ನಿಮಿಷ. ಊರಿಗೆ ಹೋದಾಗ ಅಮ್ಮನ ಹತ್ತಿರ ಹುರುಳಿಕಾಳು ತಗೊಂಡು ಬಾ, 100 ಗ್ರಾಂ ಒಣಕಾಳಿನಲ್ಲಿ 20 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ಇರುತ್ತದೆ. ಸೋಯಾ ಚಂಕ್ಸ್‌ನಲ್ಲಿ 50ರ ಮೇಲೆ, ಬೆಲೆಯೂ ಕಮ್ಮಿ. ಆದರೆ ಮೊದಲ ದಿನವೇ ಬಟ್ಟಲು ತುಂಬ ತಿನ್ನಬೇಡ, ಹೊಟ್ಟೆ ಉಬ್ಬರಿಸಿ ರೂಮ್‌ಮೇಟ್ ಜಗಳಕ್ಕೆ ಬರುತ್ತಾನೆ.

ಗೇನರ್ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಡಬ್ಬದ ಮೇಲಿನ ತೋಳು ನೋಡಿ 3 ಕೆಜಿ ತಂದೆ, ಹಿಂದಿನ ಸಣ್ಣ ಅಕ್ಷರ ಓದಿದ್ದು ಮನೆಗೆ ಬಂದ ಮೇಲೆ. 100 ಗ್ರಾಂ ಪುಡಿಯಲ್ಲಿ ಪ್ರೋಟೀನ್ 15, ಉಳಿದದ್ದರಲ್ಲಿ ಹೆಚ್ಚುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟ ಒಡೆದು ಮಾಡಿದ, ಸಕ್ಕರೆಯಷ್ಟೇ ಬೇಗ ರಕ್ತಕ್ಕೆ ಸೇರುವ ಪುಡಿ. ಎರಡು ತಿಂಗಳಲ್ಲಿ ತೂಕ ಏರಿತು ನಿಜ, ಏರಿದ್ದು ಹೊಟ್ಟೆಗೆ. ತೂಕ ಹತ್ತುತ್ತಿಲ್ಲ ಅಂದರೆ ಎರಡು ಬಾಳೆಹಣ್ಣು, ಒಂದು ಮುದ್ದೆ, ಒಂದು ಚಮಚ ತುಪ್ಪ ಜಾಸ್ತಿ ತಿನ್ನು. ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು ಹಾಲು, ತುಪ್ಪ, ಬಾದಾಮಿ ತಿಂದು ತೊಡೆ ತಟ್ಟಿದವರು, ಅವರಿಗೆ ಡಬ್ಬ ಎಲ್ಲಿತ್ತು.

ಚೀಟಿಯಲ್ಲಿ ಇಲ್ಲದ ಆ ಒಂದು ಯಾವುದು ಅಂದರೆ ಕ್ರಿಯಾಟಿನ್ ಮಾನೋಹೈಡ್ರೇಟ್ ಅನ್ನುವ ಪುಡಿ. ನಮ್ಮ ದೇಹವೇ ದಿನಕ್ಕೆ ಸುಮಾರು 1 ಗ್ರಾಂ ಮಾಡಿಕೊಳ್ಳುತ್ತದೆ, ಮಾಂಸ ಮೀನಿನಲ್ಲೂ ಸಿಗುತ್ತದೆ. ಭಾರ ಎತ್ತುವ ಆ ಕೆಲವು ಸೆಕೆಂಡಿನಲ್ಲಿ ಸ್ನಾಯುವಿಗೆ ಬೇಗ ಶಕ್ತಿ ತುಂಬಿಕೊಡುವುದು ಅದರ ಕೆಲಸ, ಹಾಗಾಗಿ ಎಂಟು ಸಲ ಎತ್ತಿ ನಿಲ್ಲುತ್ತಿದ್ದವನು ಒಂಬತ್ತು ಹತ್ತು ಸಲ ಎತ್ತುತ್ತಾನೆ, ಸ್ನಾಯು ಬೆಳೆಯುವುದು ಆ ಹೆಚ್ಚಿನ ಕೆಲಸದಿಂದ. ನಿನ್ನ ಹಾಗೆ ಮಾಂಸ ತಿನ್ನದವರ ಸ್ನಾಯುವಿನಲ್ಲಿ ಇದರ ಸಂಗ್ರಹ ಕಮ್ಮಿ ಇರುತ್ತದೆ, ಅದಕ್ಕೇ ಅವರಿಗೆ ಗುಣ ಚೆನ್ನಾಗಿ ಕಾಣಬಹುದು. ದಿನಕ್ಕೆ 3ರಿಂದ 5 ಗ್ರಾಂ, ಯಾವ ಹೊತ್ತಿಗಾದರೂ ಸರಿ, ಜಿಮ್ ರಜೆ ಇದ್ದ ದಿನವೂ ಬಿಡಬೇಡ. ಮೊದಲ ವಾರ ದಿನಕ್ಕೆ 20 ಗ್ರಾಂ ತಗೊಂಡು ಬೇಗ ತುಂಬಿಸುವ ಲೋಡಿಂಗ್ ಅಂತ ಹೇಳುತ್ತಾರೆ, ಅದೇನೂ ಬೇಕಿಲ್ಲ, ಮೂರು ನಾಲ್ಕು ವಾರದಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ತಣ್ಣೀರಲ್ಲಿ ಹಾಕಿದರೆ ಲೋಟದ ತಳದಲ್ಲಿ ಮರಳಿನ ಹಾಗೆ ಕೂರುತ್ತದೆ, ಉಗುರು ಬೆಚ್ಚಗಿನ ಹಾಲಿಗೆ ಹಾಕಿ ಕಲಕು. ಒಂದೆರಡು ಕೆಜಿ ತೂಕ ಏರಬಹುದು, ಅದು ಸ್ನಾಯುವಿನ ಒಳಗೆ ಸೇರುವ ನೀರು, ಗಾಬರಿ ಬೇಡ.

ಅಮ್ಮ ಕಿಡ್ನಿ ಹೋಗುತ್ತೆ ಅಂತ ಬೈದರು ಅಂದೆಯಲ್ಲ. ಕಿಡ್ನಿ ಚೆನ್ನಾಗಿರುವವರಿಗೆ ಈ ಪ್ರಮಾಣದಿಂದ ಹಾನಿ ಕಂಡುಬಂದಿಲ್ಲ. ಮೊದಲೇ ಕಿಡ್ನಿ ತೊಂದರೆ ಇದ್ದರೆ ಅಥವಾ ಶುಗರ್, ಬಿಪಿ ಇದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಒಂದು ವಿಷಯ ನೆನಪಿಡು: ಕ್ರಿಯಾಟಿನ್ ತಗೊಂಡಾಗ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೇಗಿದೆ ಅಂತ ತಿಳಿಯಲು ನೋಡುವ ಅಂಶ, ಸ್ವಲ್ಪ ಜಾಸ್ತಿ ತೋರಿಸಬಹುದು. ನನಗೂ ಹಾಗೇ ಆಗಿ ಒಂದು ರಾತ್ರಿ ನಿದ್ದೆ ಹೋಯಿತು. ಪುಡಿ ತಗೊಳ್ಳುತ್ತಿದ್ದೇನೆ ಅಂತ ಡಾಕ್ಟರಿಗೆ ಮೊದಲೇ ಹೇಳಿಬಿಡು. ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿಟ್ಟರೆ ಅಮ್ಮನಿಗೂ ಸಮಾಧಾನ.

ವೇ ಕೆಟ್ಟದ್ದಲ್ಲ. ಹಾಲು ಒಡೆದಾಗ ಬೇರೆಯಾಗುವ ತಿಳಿನೀರಿನ ಪ್ರೋಟೀನನ್ನು ಸೋಸಿ ಒಣಗಿಸಿದ ಪುಡಿ ಅದು, ಮಂತ್ರವೇನಿಲ್ಲ. ಪರೀಕ್ಷೆ ಸಮಯದಲ್ಲಿ ಮೊಟ್ಟೆ ಬೇಯಿಸಲು ಆಗದಿದ್ದರೆ ಒಂದು ಸ್ಕೂಪ್ ಕುಡಿ. 2024ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ತನ್ನ ಆಹಾರ ಸೂಚಿಯಲ್ಲಿ ಪ್ರೋಟೀನ್ ಪುಡಿ ಬೇಡ ಅಂತಲೇ ಹೇಳಿತು. ಅದೇ ವರ್ಷ ಕೇರಳದ ವೈದ್ಯರು 36 ಪುಡಿಗಳನ್ನು ಪರೀಕ್ಷೆಗೆ ಹಾಕಿದಾಗ ಸುಮಾರು 70% ಡಬ್ಬಗಳಲ್ಲಿ ಲೇಬಲ್ ಹೇಳಿದ ಪ್ರೋಟೀನ್ ಲೆಕ್ಕವೇ ತಪ್ಪಿತ್ತು. ಪೂರ್ತಿ ಬೇಡ ಅಂತ ನಾನು ಹೇಳಲ್ಲ, ಆದರೆ ಸೀಲ್, ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡು. 30 ಗ್ರಾಂ ಸ್ಕೂಪಿನಲ್ಲಿ 21ರಿಂದ 24 ಗ್ರಾಂ ಪ್ರೋಟೀನ್ ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್, ಟಾರಿನ್ ಬೇರೆಯಾಗಿ ಸೇರಿಸಿದ್ದರೆ ಆ ಡಬ್ಬ ಅಲ್ಲೇ ಇಡು. ಅಗ್ಗದ ಅಮೈನೋ ಆಸಿಡ್ ಬೆರೆಸಿ ಲೆಕ್ಕ ಏರಿಸುವ ಆಟ ಅದು.

ಬಿಸಿಎಎ ದುಡ್ಡು ದಂಡ, ಅದರಲ್ಲಿರುವ ಮೂರೂ ಅಮೈನೋ ಆಸಿಡ್ ಹಾಲು ಮೊಟ್ಟೆಯಲ್ಲೇ ಇವೆ. ಪ್ರೀ ವರ್ಕೌಟ್‌ನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಕೆಫೀನ್, ಒಂದು ಸ್ಟ್ರಾಂಗ್ ಫಿಲ್ಟರ್ ಕಾಫಿ ಕುಡಿದು ಹೋಗು. ಆದರೆ ಸಂಜೆ ಏಳಕ್ಕೆ ಜಿಮ್‌ಗೆ ಹೋಗುವವನು ನೀನು, ಅದನ್ನೂ ಕುಡಿಯದಿದ್ದರೆ ನಿದ್ದೆಯಾದರೂ ಬರುತ್ತದೆ.

ಆ ಕವರಿನ ಮಾತ್ರೆ ಮಾತ್ರ ಬಾಯಿಗೆ ಹಾಕಬೇಡ. ಹೆಸರು ಹೇಳದೆ ಕೊಡುತ್ತಾರೆ ಅಂದರೆ ಸ್ಟಿರಾಯ್ಡ್ (ಗಂಡಸರ ಹಾರ್ಮೋನಿನ ನಕಲು) ಇರಬಹುದು. ಹೊರಗಿನಿಂದ ಹಾರ್ಮೋನ್ ಬಂದರೆ ದೇಹ ತನ್ನದನ್ನು ಮಾಡುವುದು ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ಲಿವರ್‌ಗೆ ಪೆಟ್ಟು ಬೀಳುತ್ತದೆ, ಕೆಲವರಿಗೆ ಎದೆ ಹೆಂಗಸರ ಹಾಗೆ ಊದಿಕೊಂಡು ಆಪರೇಷನ್ ಮಾಡಿಸಬೇಕಾಗುತ್ತದೆ. ಈಗಾಗಲೇ ತಗೊಂಡಿದ್ದರೆ ನಾಚಿಕೆ ಬಿಟ್ಟು ಇಲ್ಲೇ ಹೇಳು, ಇಲ್ಲವೇ ನನಗೆ ಮೆಸೇಜ್ ಮಾಡು. ಎಷ್ಟು ದಿನ, ಯಾವ ಬಣ್ಣದ್ದು ಅಂತ ಬರೆದಿಟ್ಟುಕೊಂಡು, ಒಂದು ಮಾತ್ರೆ ಜೊತೆಗೆ ಇಟ್ಟುಕೊಂಡು ನಾಳೆಯೇ ಡಾಕ್ಟರ ಹತ್ತಿರ ಹೋಗು.