ಅಜ್ಜಿಯ ಹೆಬ್ಬೆಟ್ಟು ಐದನೇ ಪುಟದಲ್ಲಿ ಏಕಿದೆ?

ಆತ್ಮೀಯರೇ,

ಯಾದಗಿರಿಯಿಂದ ನೀವು ಕಳಿಸಿದ ‘ಕಂಪ್ಯೂಟರಿನ ಇನ್‌ಪುಟ್ ಮತ್ತು ಔಟ್‌ಪುಟ್ ಸಾಧನಗಳು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪುರವಣಿಯಲ್ಲಿ ಹಾಕಲಾರೆ. ಒಂದು ಸಾಲಿನ ವಿಷಾದ ಪತ್ರ ಬರೆದು ಕೈತೊಳೆದುಕೊಳ್ಳಬಹುದಿತ್ತು. ಐದನೇ ಪುಟದ ಅರ್ಧ ವಾಕ್ಯ ಹಾಗೆ ಮಾಡಲು ಬಿಡಲಿಲ್ಲ.

‘ಇಂದಿನ ಯುಗ ಕಂಪ್ಯೂಟರ್ ಯುಗ’ ಎಂದು ಆರಂಭಿಸಿದ್ದೀರಿ. ಈ ವಾಕ್ಯವನ್ನು ನಾನು ಹೊಡೆದುಹಾಕಲು ಶುರುಮಾಡಿದಾಗ ಬಹುಶಃ ನೀವಿನ್ನೂ ಹುಟ್ಟಿರಲಿಲ್ಲ. ಆಮೇಲೆ ಹದಿನಾಲ್ಕು ಉಪಶೀರ್ಷಿಕೆಗಳು, ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಸಾಲು. ಕೀಬೋರ್ಡ್ ಇನ್‌ಪುಟ್ (ಕಂಪ್ಯೂಟರಿನ ಒಳಗೆ ಮಾಹಿತಿ ಕೊಡುವ) ಸಾಧನ, ಪ್ರಿಂಟರ್ ಔಟ್‌ಪುಟ್ (ಹೊರಗೆ ಕೊಡುವ) ಸಾಧನ, ಸ್ಪೀಕರ್ ಸಹ ಔಟ್‌ಪುಟ್ ಸಾಧನ. ಇದು ಪರೀಕ್ಷೆಯ ಹಿಂದಿನ ರಾತ್ರಿ ಓದುವ ಟಿಪ್ಪಣಿ. ಯಾವುದು ಯಾವ ಗುಂಪಿನದು ಎಂದು ಗೊತ್ತಾದರೂ ಅದು ಕೆಲಸ ಮಾಡುವ ಬಗೆ ಓದುಗನಿಗೆ ಎಳ್ಳಷ್ಟೂ ಗೊತ್ತಾಗುವುದಿಲ್ಲ. ಟಚ್‌ಸ್ಕ್ರೀನ್ ವಿಷಯದಲ್ಲಂತೂ ಈ ವಿಂಗಡಣೆಯೇ ಕೈಕೊಟ್ಟಿದೆ: ಅದನ್ನು ಔಟ್‌ಪುಟ್ ಪಟ್ಟಿಗೆ ಮಾತ್ರ ಸೇರಿಸಿದ್ದೀರಿ. ಚಿತ್ರ ತೋರಿಸುವುದೂ ಅದೇ, ಬೆರಳು ಎಲ್ಲಿ ತಾಗಿತೆಂದು ಒಳಗೆ ತಿಳಿಸುವುದೂ ಅದೇ.

ಮೌಸ್ ಕಂಡುಹಿಡಿದ ಅಮೆರಿಕದ ಎಂಜಿನಿಯರ್ ಡಗ್ಲಸ್ ಎಂಗೆಲ್ಬಾರ್ಟ್ ಅವರ 1964ರ ಮರದ ಮೌಸ್ ಬಗ್ಗೆ ಬರೆದದ್ದು ಸರಿಯಾಗಿದೆ. ಆದರೆ ನಿಮ್ಮ ಮೇಜಿನ ಮೇಲಿನ ಮೌಸ್ ತನ್ನ ಹೊಟ್ಟೆಯಡಿಯ ಜಾಗದ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಒಂದನ್ನೊಂದಕ್ಕೆ ಹೋಲಿಸಿ, ತಾನು ಎತ್ತ ಸರಿದೆ ಎಂದು ಲೆಕ್ಕ ಹಾಕುತ್ತದೆ. ನುಣುಪು ಗಾಜಿನ ಮೇಲೆ ಹೋಲಿಸಲು ಗುರುತು ಸಿಗದೆ ತಡವರಿಸುತ್ತದೆ. ಇಸವಿಗಿಂತ ಇದು ಸ್ವಾರಸ್ಯದ ಸಂಗತಿ; ಇದನ್ನೇ ಬಿಟ್ಟಿದ್ದೀರಿ.

ಇನ್ನು ದೊಡ್ಡ ತಪ್ಪು. ‘ಕ ಒತ್ತಿದರೆ ಕ ಅಕ್ಷರ ಕಂಪ್ಯೂಟರಿಗೆ ಹೋಗುತ್ತದೆ’ ಎಂದಿದ್ದೀರಿ. ಹೋಗುವುದಿಲ್ಲ. ಕೀಲಿಗಳ ಕೆಳಗೆ ವಿದ್ಯುತ್ ಹರಿಯುವ ಅಡ್ಡ ಮತ್ತು ಉದ್ದ ಗೆರೆಗಳ ಜಾಲವಿರುತ್ತದೆ, ನೇಕಾರರ ಹಾಸು ಹೊಕ್ಕಿನ ಹಾಗೆ. ಒಂದು ಪುಟ್ಟ ಚಿಪ್ ಆ ಗೆರೆಗಳನ್ನು ಬಿಡುವಿಲ್ಲದೆ ತಡಕುತ್ತಿರುತ್ತದೆ. ನೀವು ಕೀಲಿ ಒತ್ತಿದಾಗ ಯಾವ ಅಡ್ಡಗೆರೆ ಯಾವ ಉದ್ದಗೆರೆಗೆ ಕೂಡಿತೋ ಆ ಸ್ಥಾನದ ಸಂಕೇತವನ್ನಷ್ಟೇ ಅದು ಕಳಿಸುತ್ತದೆ. ಬೆರಳು ಎತ್ತಿದ್ದನ್ನೂ ಬೇರೆಯಾಗಿ ತಿಳಿಸುತ್ತದೆ. ಶಿಫ್ಟ್ ಹಿಡಿದೇ ಇದ್ದೀರೆಂದು ಕಂಪ್ಯೂಟರಿಗೆ ಗೊತ್ತಾಗುವುದು ಹಾಗೆ. ಅಕ್ಷರ ಯಾವುದೆಂದು ತೀರ್ಮಾನಿಸುವುದು ಒಳಗಿನ ತಂತ್ರಾಂಶ. ಪರೀಕ್ಷಿಸಿ ನೋಡಿ: ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಎಂದು ಹಂಚುವ ವಿನ್ಯಾಸಗಳು ಒಂದಕ್ಕಿಂತ ಹೆಚ್ಚಿವೆ; ಜೆ ಕೀಲಿ ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಜ’ ಕೊಟ್ಟರೆ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ರ’ ಕೊಡುತ್ತದೆ. ಕೀಲಿ ಅದೇ, ಬೆರಳೂ ಅದೇ. ಇನ್ನು ‘ಕ್ಷ’ ಒಳಗೆ ಒಂದು ಅಕ್ಷರವಾಗಿ ಕೂರುವುದೇ ಇಲ್ಲ. ಲೋಕದ ಲಿಪಿಗಳ ಅಕ್ಷರ, ಚಿಹ್ನೆಗಳಿಗೆ ಸಂಕೇತ ಗೊತ್ತುಮಾಡುವ ಯೂನಿಕೋಡ್‌ನಲ್ಲಿ ಅದು ಕ, ಅರ್ಧಾಕ್ಷರದ ಚಿಹ್ನೆ, ಷ ಎಂಬ ಮೂರು ಸಂಕೇತ. ಅವನ್ನು ಹೆಣೆದು ಒಂದು ಆಕಾರ ಮಾಡಿ ಪರದೆಗೆ ಕೊಡುವುದು ಫಾಂಟ್. ಬ್ಯಾಕ್‌ಸ್ಪೇಸ್ ಒತ್ತಿದಾಗ ‘ಕ್ಷ’ ಪೂರ್ತಿ ಹೋಗದೆ ‘ಕ್’ ಉಳಿದದ್ದನ್ನು ನೀವು ಕಂಡಿರಲೇಬೇಕು. ಕನ್ನಡದಲ್ಲಿ ಟೈಪ್ ಮಾಡಿ ಲೇಖನ ಕಳಿಸಿದವರು ಇದನ್ನು ಬಿಟ್ಟು ಎಫ್ 1ರಿಂದ ಎಫ್ 12ರವರೆಗಿನ ಕೀಲಿಗಳ ಹೆಸರು ಬರೆದಿದ್ದೀರಲ್ಲ!

ಈಗ ಆ ಅರ್ಧ ವಾಕ್ಯ: ‘ಬಯೊಮೆಟ್ರಿಕ್ ಸ್ಕ್ಯಾನರ್ ಸಹ ಇನ್‌ಪುಟ್ ಸಾಧನವಾಗಿದ್ದು, ನ್ಯಾಯಬೆಲೆ ಅಂಗಡಿಯಲ್ಲಿ ನಮ್ಮ ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಳ್ಳದೆ ಎರಡು ಸಲ ಬರಿಗೈಯಲ್ಲಿ ಬಂದಿದ್ದಾಳೆ.’ ಇಷ್ಟು ಬರೆದು ಮುಂದಿನ ಸಾಲಿನಲ್ಲಿ ಬಾರ್‌ಕೋಡ್ ರೀಡರ್‌ಗೆ ಹೋಗಿಬಿಟ್ಟಿದ್ದೀರಿ. ನನಗೆ ಸಿಟ್ಟೇ ಬಂತು. ನಿಮ್ಮ ಲೇಖನ ಇರುವುದೇ ಅಲ್ಲಿ.

ಅಂಥ ಹಲವು ಯಂತ್ರಗಳಲ್ಲಿ ಗಾಜಿನ ಕೆಳಗಿನಿಂದ ಬೆಳಕು ಬೀಳುತ್ತದೆ. ಬೆರಳಿನ ಗೆರೆಗಳ ಏರು ಗಾಜಿಗೆ ತಾಗಿದ ಕಡೆ ಕಪ್ಪಾಗಿ, ತಗ್ಗಿನಲ್ಲಿ ಗಾಳಿ ಇರುವ ಕಡೆ ಬೆಳ್ಳಗೆ ಕಾಣುತ್ತದೆ. ಗೆರೆ ಎಲ್ಲಿ ಕೊನೆಯಾಯಿತು, ಎಲ್ಲಿ ಕವಲೊಡೆಯಿತು ಎಂಬುದನ್ನು ಹೆಕ್ಕಿ, ಆಧಾರ್‌ಗೆ ಹಿಂದೆ ಕೊಟ್ಟ ಗುರುತಿನೊಂದಿಗೆ ತಾಳೆ ನೋಡಲಾಗುತ್ತದೆ. ವರ್ಷಗಟ್ಟಲೆ ಹತ್ತಿ ಬಿಡಿಸಿ, ಕಳೆ ಕಿತ್ತ ಬೆರಳಿನಲ್ಲಿ ಏರೇ ಸವೆದಿರುತ್ತದೆ. ಒಣಗಿದ ಚರ್ಮ ಗಾಜಿಗೆ ಸರಿಯಾಗಿ ಕೂರುವುದೂ ಇಲ್ಲ. ಸಾಲಿನಲ್ಲಿ ನಿಂತವರು ಹೆಬ್ಬೆರಳನ್ನು ತಲೆಗೂದಲಿಗೆ ಉಜ್ಜಿ ಎಣ್ಣೆ ಹಚ್ಚಿಕೊಳ್ಳುವುದು ಮೂಢನಂಬಿಕೆಯಲ್ಲ, ಒಳ್ಳೆಯ ಭೌತಶಾಸ್ತ್ರ. ಅಂದ ಹಾಗೆ, ಅಂಗಡಿಯಲ್ಲಿ ಎಲ್ಲರೂ ‘ಥಂಬ್ ಕೊಡುವುದು’ ಎನ್ನುತ್ತಾರೆ. ನೀವೂ ಹಾಗೆಯೇ ಬರೆಯಿರಿ.

ಅದೇ ಯಂತ್ರ ಕೊನೆಗೆ ಒಂದು ಚೀಟಿ ಹೊರಹಾಕುತ್ತದೆ. ನಿಮ್ಮ ಔಟ್‌ಪುಟ್ ಅಲ್ಲೇ ಸಿಕ್ಕಿತು, ಇನ್ನೊಂದು ಉಪಶೀರ್ಷಿಕೆ ಬೇಡ. ಬಸ್ ನಿರ್ವಾಹಕರ ಟಿಕೆಟ್ ಯಂತ್ರದಂತೆ ಇದಕ್ಕೂ ಶಾಯಿ ಇಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ಲೇಪನ ಕಾಗದದ ಮೇಲೆಯೇ ಇರುತ್ತದೆ; ಸಾಲಾಗಿ ಜೋಡಿಸಿದ ಸೂಕ್ಷ್ಮ ಬಿಸಿಚುಕ್ಕೆಗಳು ಅಕ್ಷರ ಸುಡುತ್ತವೆ. ಆ ಬಣ್ಣ ಬಾಳುವುದಿಲ್ಲ. ಬೀದರ್‌ಗೆ ಹೋಗಿ ಬಂದ ಟಿಕೆಟುಗಳನ್ನು ಪ್ರಯಾಣ ಭತ್ಯೆಗೆಂದು ಜೋಪಾನವಾಗಿಟ್ಟು, ಕಲಬುರಗಿಯ ಬೇಸಿಗೆ ಕಳೆದ ಮೇಲೆ ತೆಗೆದರೆ ಬರೀ ಬಿಳಿ ಚೂರುಗಳು. ಲೆಕ್ಕಪತ್ರದವರು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ವಿವರಿಸುವುದಿಲ್ಲ.

ಆರು ಪುಟ ಬೇಡ, ಎರಡೂವರೆ ಸಾಕು. ಒಂದು ದಿನ ಅಂಗಡಿಯವರ ಒಪ್ಪಿಗೆ ಪಡೆದು ಅಲ್ಲಿ ಕುಳಿತು ನೋಡಿ. ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸಿದ್ದೇನೆ. ಮೂರನೇ ಸಲ ಅಜ್ಜಿಗೆ ಅಕ್ಕಿ ಸಿಕ್ಕಿತೇ, ಸಿಕ್ಕಿದ್ದರೆ ಯಾವ ಬೆರಳು ಕೊಟ್ಟಾಗ ಎಂದು ನೀವು ಬರೆದಿಲ್ಲ. ಕೇಳಿ ಬರೆಯಿರಿ.

ಇಂತು,
ಪುರವಣಿ ಸಂಪಾದಕ, ಕಲಬುರಗಿ