ಒಂದೇ ತೋಟದ ಮಣ್ಣು, ಜಿಂಕ್ ಮಾತ್ರ ಎರಡು ಲೆಕ್ಕ. ಯಾಕೆ?

ಪ್ರಶ್ನೆ: ಸರ್, ಶಿರಸಿ ಹತ್ರ ನಮ್ದು ಎರಡೆಕರೆ ಅಡಿಕೆ ತೋಟ. ಹೋದ ವರ್ಷ ಮಣ್ಣು ಟೆಸ್ಟ್ ಮಾಡಿಸಿದಾಗ ಜಿಂಕ್ 6.2 ಪಿಪಿಎಂ (ಕೆಜಿ ಮಣ್ಣಿಗೆ ಇಷ್ಟು ಮಿಲಿಗ್ರಾಂ) ಅಂತ ಬಂದಿತ್ತು, ಈ ಸಲ ಬೇರೆ ಲ್ಯಾಬಿಗೆ ಕೊಟ್ರೆ 0.4 ಅಂತೆ. ಕಾಪರ್ ಎರಡ್ರಲ್ಲೂ ಸಿಕ್ಕಾಪಟ್ಟೆ. ಎರಡೂ ಕಡೆ ಲೋಹದ ಅಂಶ ಅಳೆಯೋ ಎಎಎಸ್ ಮಷೀನೇ. ಆಗ ತಗಡಿನ ಬಕೇಟಲ್ಲಿ ಮಣ್ಣು ತಗೊಂಡು ಹೋಗಿದ್ದೆ, ಈಗ ಪ್ಲಾಸ್ಟಿಕ್ ಕವರಲ್ಲಿ. ಯಾವ್ದನ್ನ ನಂಬ್ಲಿ?

ಉತ್ತರ: ನನಗೆ ಅನುಮಾನ ಬರೋದು ಆ ಬಕೇಟಿನ ಮೇಲೇ. ತಗಡು ತುಕ್ಕು ಹಿಡೀಬಾರ್ದು ಅಂತ ಅದಕ್ಕೆ ಬಳಿಯೋದೇ ಜಿಂಕ್, ಅದೂ ನಮ್ಮ ಹುಳಿ ಮಣ್ಣು ಹಸಿಯಾಗಿ ಅದ್ರಲ್ಲಿ ಒಂದೆರಡು ದಿನ ಕೂತ್ರೆ ಕೇಳೋದೇ ಬೇಡ.

ಲ್ಯಾಬಲ್ಲಿ ಏನು ಮಾಡ್ತಾರೆ ಅಂದ್ರೆ, ನೆರಳಲ್ಲಿ ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ತೂಗಿ, ಅದಕ್ಕೆ ಗಿಡಕ್ಕೆ ಸಿಗೋ ಜಿಂಕನ್ನ ಮಣ್ಣಿಂದ ಎಳೆಯೋ ಡಿಟಿಪಿಎ ಅನ್ನೋ ರಾಸಾಯನಿಕದ ದ್ರಾವಣ 20 ಎಂಎಲ್ ಹಾಕಿ, ಎರಡು ಗಂಟೆ ಅಲ್ಲಾಡಿಸಿ ಸೋಸ್ತಾರೆ. ಸೋಸಿದ ನೀರನ್ನ ಮಷೀನು ಒಂದು ಸಣ್ಣ ನಳಿಗೆಯಿಂದ ಎಳ್ಕೊಂಡು ಗಾಳಿ-ಅಸಿಟಿಲೀನ್ ಜ್ವಾಲೆಗೆ ಮಂಜಿನ ಹಾಗೆ ಚಿಮ್ಮಿಸುತ್ತೆ. ಸುಮಾರು 2300 ಡಿಗ್ರಿ ಬಿಸಿ, ಅಲ್ಲಿ ಜಿಂಕ್ ಬಿಡಿ ಬಿಡಿ ಪರಮಾಣು ಆಗುತ್ತೆ. ಆಚೆ ಕಡೆ ಜಿಂಕಿಂದೇ ಮಾಡಿದ ಲ್ಯಾಂಪ್ ಉರೀತಿರುತ್ತೆ, ಅದ್ರ 213.9 ನ್ಯಾನೋಮೀಟರ್ ಬೆಳಕನ್ನ ಜ್ವಾಲೆಯಲ್ಲಿರೋ ಜಿಂಕ್ ಹೀರ್ಕೊಳ್ಳುತ್ತೆ, ಎಷ್ಟು ಬೆಳಕು ಕಮ್ಮಿ ಆಯ್ತೋ ಅಷ್ಟು ಜಿಂಕ್ ಇದೆ ಅಂತ ಲೆಕ್ಕ. ಕಾಪರ್ ನೋಡ್ಬೇಕಂದ್ರೆ ಲ್ಯಾಂಪ್ ಬದಲಾಯಿಸ್ಬೇಕು. ಆಸ್ಟ್ರೇಲಿಯಾದ ಅಲನ್ ವಾಲ್ಶ್ ಈ ವಿಧಾನ ತೋರಿಸಿಕೊಟ್ಟಿದ್ದು 1955ರಲ್ಲಿ, ನನಗಂತೂ ಇವತ್ತಿಗೂ ಅದು ಬೆರಗೇ.

ಈಗ ನಿಮ್ಮ 0.4 ನೋಡಿ. ದ್ರಾವಣದಲ್ಲಿ ಮಷೀನು ತೋರಿಸಿದ್ದು 0.2, ಮಣ್ಣಿಗಿಂತ ದ್ರಾವಣ ಎರಡು ಪಟ್ಟು ಇರೋದ್ರಿಂದ ಎರಡರಿಂದ ಗುಣಿಸಿ 0.4. ಅಂದ್ರೆ ಆ 10 ಗ್ರಾಂ ಮಣ್ಣಿಂದ ಬಿಟ್ಟಿದ್ದು ಬರೀ 4 ಮೈಕ್ರೋಗ್ರಾಂ ಜಿಂಕ್! ಬಕೇಟಿನ ಜಿಂಕ್ ಲೇಪದಿಂದ ಏಳೋ ಬಿಳಿ ಪುಡಿ ಕಣ್ಣಿಗೆ ಕಾಣದಷ್ಟು ಸೇರಿದ್ರೂ ರಿಪೋರ್ಟ್ ಕೆಟ್ಟುಹೋಯ್ತು. ಗೊಬ್ಬರದ ಹಳೇ ಚೀಲದಲ್ಲೂ ಮಣ್ಣು ತುಂಬ್ಬೇಡಿ.

ಇನ್ನೊಂದೂ ಕೇಳಿ ನೋಡಿ, ಹೋದ ವರ್ಷದ ಲ್ಯಾಬ್ ಡಿಟಿಪಿಎ ಬಳಸಿತ್ತಾ, ಇಲ್ಲಾ ಹೈಡ್ರೋಕ್ಲೋರಿಕ್ ಆಸಿಡ್ಡಾ? ಆಸಿಡ್ ಸಾಮಾನ್ಯವಾಗಿ ಜಾಸ್ತಿ ಜಿಂಕ್ ಎಳೀತದೆ. ಹಾಗಾಗಿ ಎರಡು ವಿಧಾನದ ಅಂಕಿ ಪಕ್ಕಪಕ್ಕ ಇಟ್ಟು ನೋಡೋದೇ ತಪ್ಪು, ಇದನ್ನ ರಿಪೋರ್ಟಲ್ಲೇ ಬರೀಬೇಕು ಅಂತ ನಾನು ಯಾವಾಗ್ಲೂ ಹೇಳ್ತೀನಿ.

ಡಿಟಿಪಿಎ ಲೆಕ್ಕದಲ್ಲಿ 0.6ಕ್ಕಿಂತ ಕೆಳಗೆ ಬಂದ್ರೆ ಜಿಂಕ್ ಕೊರತೆ ಅಂತಾರೆ. ಕಾಪರಿಗೆ ಅದು 0.2, ನಿಮಗೆ ಅದ್ರ ಚಿಂತೆ ಬೇಡ. ಕೊಳೆರೋಗಕ್ಕೆ ಅಂತ ವರ್ಷ ವರ್ಷ ಹೊಡೆಯೋ ಬೋರ್ಡೋ ದ್ರಾವಣದಲ್ಲಿರೋ ಮೈಲುತುತ್ತ, ಅಂದ್ರೆ ಕಾಪರ್ ಸಲ್ಫೇಟ್, ಕೊನೆಗೆ ತೊಟ್ಟಿಕ್ಕೋದು ಮರದ ಬುಡಕ್ಕೇ ಅಲ್ವಾ. ಆದ್ರೆ ಕಾಪರ್ ಅತಿಯಾದ್ರೆ ಬೇರು ಜಿಂಕ್ ಎಳ್ಕೊಳ್ಳೋದಕ್ಕೂ ಅಡ್ಡಿ, ಅದಕ್ಕೇ ನಿಮ್ಮ ತೋಟದಲ್ಲಿ ಈ 0.4 ಹಗುರವಾಗಿ ತಗೊಳ್ಳೋ ಅಂಕಿ ಅಲ್ಲ. ಜಿಂಕ್ ಸಲ್ಫೇಟ್ ತರೋ ಮೊದ್ಲು ಇನ್ನೊಂದ್ಸಲ ಸ್ಯಾಂಪಲ್ ಕೊಡಿ. ಸ್ಪ್ರೇ ಶುರುವಾಗೋ ಮುಂಚೆ, ಗೊಬ್ಬರ ಹಾಕಿದ ಜಾಗ ಬಿಟ್ಟು, ಎಂಟತ್ತು ಕಡೆ ಒಂದಡಿ ಆಳ ತೆಗೆದು, ಪ್ಲಾಸ್ಟಿಕ್ ಬುಟ್ಟಿಯಲ್ಲಿ ಕಲಸಿ ಅರ್ಧ ಕೆಜಿ ಸಾಕು.

ಪ್ರಶ್ನೆ: ಕುಮಟಾದ ನಮ್ಮ ಗಜನಿ (ಉಪ್ಪುನೀರು ಹತ್ತೋ) ಗದ್ದೆ ಮಣ್ಣಿಗೂ ಇದೇ ಟೆಸ್ಟ್ ನಡೆಯುತ್ತಾ?

ಉತ್ತರ: ನಡೆಯುತ್ತೆ, ಆದ್ರೆ ಮೊದ್ಲು ಪಿಎಚ್ (ಮಣ್ಣು ಎಷ್ಟು ಹುಳಿ), ಇಸಿ (ಎಷ್ಟು ಉಪ್ಪು) ನೋಡ್ಸಿ. ಉಪ್ಪು ಜಾಸ್ತಿ ಇದ್ರೆ ಅದೂ ಜ್ವಾಲೆಯಲ್ಲಿ ಬೆಳಕಿಗೆ ಅಡ್ಡ ಬಂದು ಇಲ್ಲದ ಜಿಂಕ್ ಇದೆ ಅಂತ ತೋರಿಸ್ಬಹುದು, ಅದನ್ನ ಕಳೆಯೋಕೆ ಮಷೀನಲ್ಲಿ ಡ್ಯುಟೀರಿಯಂ ಲ್ಯಾಂಪ್ ಇರುತ್ತೆ. ಕೊಡುವಾಗ್ಲೇ ಇದು ಉಪ್ಪುನೀರು ಹತ್ತೋ ಗದ್ದೆ ಮಣ್ಣು ಅಂತ ಚೀಟಿ ಮೇಲೆ ಬರೆದುಬಿಡಿ.