ಉಂಡೆಯಾಗುವ ಹುಳ, ಸಾವಿರ ಕಾಲಿನ ಲೆಕ್ಕ

ಪ್ರಶ್ನೆ: ದಸರಾ ರಜೆಯಲ್ಲಿ ಕೊಡಗಿನ ನಮ್ಮ ಚಿಕ್ಕಮ್ಮನ ಕಾಫಿ ತೋಟಕ್ಕೆ ಹೋಗಿದ್ವಿ. ತರಗೆಲೆ ಕೆದಕುವಾಗ ಮಗಳಿಗೆ ನುಣುಪಾದ ಕಂದು ಉಂಡೆಯೊಂದು ಸಿಕ್ಕಿತು. ಗೋಲಿಗಿಂತ ಸ್ವಲ್ಪ ದೊಡ್ಡದು. ಯಾವುದೋ ಕಾಡುಬೀಜ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಅದು ಬಿಚ್ಚಿಕೊಂಡು ಅಂಗೈ ಮೇಲೆ ನಡೆಯತೊಡಗಿತು! ಮೈಸೂರಿನ ನಮ್ಮ ಮನೆಯ ಹೂಕುಂಡದ ಅಡಿಯಲ್ಲೂ ಮುಟ್ಟಿದರೆ ಉಂಡೆಯಾಗುವ ಬೂದು ಬಣ್ಣದ ಪುಟ್ಟ ಹುಳಗಳಿವೆ. ಎರಡೂ ಒಂದೇನಾ? ಎರಡರ ಫೋಟೋನೂ ಕಳಿಸಿದ್ದೇನೆ. ಮಗಳು ಕೊಡಗಿನದನ್ನು ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಾಳೆ, ಸಾಕಬಹುದಾ?
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಒಂದೇ ಅಲ್ಲ. ದೂರದ ನೆಂಟರು ಅನ್ನುವುದೂ ಕಷ್ಟ. ಹೂಕುಂಡದ ಬೂದು ಹುಳ ಸೀಗಡಿ, ಏಡಿಗಳ ಬಳಗದ್ದು. ಅದನ್ನು ಅಂಗಾತ ಮಾಡಿ ಕಾಲು ಎಣಿಸಿ, 7 ಜೊತೆ ಸಿಗುತ್ತವೆ. ಕೊಡಗಿನದು ಅಪ್ಪಟ ಸಹಸ್ರಪದಿ. ಮಳೆಗಾಲದಲ್ಲಿ ಗೋಡೆ ಹತ್ತುವ ಉದ್ದನೆಯ ರೈಲುಹುಳದ ಕುಲವೇ. ಶತ್ರು ಬಂದಾಗ ಮೆತ್ತನೆಯ ಹೊಟ್ಟೆಯನ್ನು ಒಳಗಿಟ್ಟು ಗಟ್ಟಿ ಬೆನ್ನನ್ನು ಹೊರಗೆ ತೋರಿಸುವ ಉಪಾಯ ಎರಡು ಕುಲಕ್ಕೂ ಬೇರೆ ಬೇರೆಯಾಗಿಯೇ ಹೊಳೆದಿದೆ, ಅಷ್ಟೆ. ಆಕಾರ ನೋಡಿ ನೆಂಟಸ್ತಿಕೆ ಹೇಳಬಾರದು. ಕಾಲು ನೋಡಬೇಕು, ಬೆನ್ನಿನ ಫಲಕ ನೋಡಬೇಕು.

ವರ್ಗೀಕರಣ ಹೀಗೆ ಬರುತ್ತದೆ. ಸಂಧಿಪದಿಗಳು ಅಂದರೆ ಕೀಲುಗಾಲಿನ ಪ್ರಾಣಿಗಳು, ಅವುಗಳಲ್ಲಿ ಬಹುಪದಿಗಳು, ಅವುಗಳಲ್ಲಿ ಡಿಪ್ಲೊಪೊಡಾ ಅನ್ನುವ ವರ್ಗ. ಇಲ್ಲಿಯವರೆಗೆ ಹೆಸರಿಟ್ಟಿರುವ 12,000ಕ್ಕೂ ಜಾಸ್ತಿ ಸಹಸ್ರಪದಿಗಳೆಲ್ಲ ಇದರೊಳಗೇ ಇವೆ. ಈ ವರ್ಗದೊಳಗೆ ನಿಮ್ಮ ಹುಳದ ಗಣ ಸ್ಫೇರೋಥೀರಿಡಾ, ಕುಟುಂಬ ಆರ್ತ್ರೋಸ್ಫೇರಿಡೇ, ಕುಲ ಆರ್ತ್ರೋಸ್ಫೇರಾ. ಪ್ರಭೇದದ ಹೆಸರನ್ನೂ ಕೇಳಬೇಡಿ, ಫೋಟೋ ನೋಡಿ ನಾನು ಹೇಳುವುದಿಲ್ಲ. ಬಣ್ಣ ನೋಡಿ ಹೆಸರಿಡುವವರು ಜಾಸ್ತಿಯಾಗಿದ್ದಾರೆ. ಈ ಕುಲದಲ್ಲಿ ಪ್ರಭೇದ ಗುರುತಿಸಲು ಗಂಡು ಹುಳದ ಹಿಂದಿನ ಕಾಲುಗಳನ್ನು ಸೂಕ್ಷ್ಮದರ್ಶಕದ ಅಡಿ ನೋಡಬೇಕಾಗುತ್ತದೆ.

ಆರ್ತ್ರೋಸ್ಫೇರಾ ಇರುವುದು ಪಶ್ಚಿಮ ಘಟ್ಟದ ಕಡೆ ಮತ್ತು ಶ್ರೀಲಂಕಾದಲ್ಲಿ. ಇದರ ಹತ್ತಿರದ ನೆಂಟರು ಎಲ್ಲಿದ್ದಾರೆ ಗೊತ್ತಾ? ಮಡಗಾಸ್ಕರ್‌ನಲ್ಲಿ! ತರಗೆಲೆಯ ಕೆಳಗೆ ನಿಧಾನಕ್ಕೆ ತೆವಳುವ ಈ ಪ್ರಾಣಿ ಸಮುದ್ರ ದಾಟಿರಲಾರದು. ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೂ ನಮ್ಮ ನೆಲ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ನೆಲ ಬೇರೆಯಾಯಿತು, ಹುಳಗಳು ಎರಡೂ ಕಡೆ ಉಳಿದುಕೊಂಡವು.

ಈಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹುಳವನ್ನು ಬಿಳಿ ತಟ್ಟೆಯಲ್ಲಿಡಿ. ಸದ್ದು ಮಾಡಬೇಡಿ, ತಾನಾಗೇ ಬಿಚ್ಚಿಕೊಳ್ಳುತ್ತದೆ. ಮೊದಲು ಕಾಣುವುದು ತಲೆ, ಎರಡು ಗಿಡ್ಡ ಮೀಸೆ, ಅವುಗಳ ಪಕ್ಕದಲ್ಲೇ ಗುಂಪುಗುಂಪಾಗಿ ಕೂತ ಸಣ್ಣ ಕಣ್ಣುಗಳು. ತಲೆಯ ಹಿಂದೆ ಕತ್ತಿನ ಚಿಕ್ಕ ಫಲಕ. ಅದರ ಹಿಂದಿನದು ಮಾತ್ರ ಬಹಳ ಅಗಲ, ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಇದರ ಅಂಚಿನಲ್ಲಿರುವ ಕಾಲುವೆಯಂಥ ತಗ್ಗನ್ನು ಗಮನಿಸಿ. ಹುಳ ಉಂಡೆಯಾದಾಗ ಉಳಿದ ಫಲಕಗಳ ತುದಿಗಳು ಬಂದು ಕೂರುವುದು ಇಲ್ಲೇ. ಕೊನೆಯ ದೊಡ್ಡ ಫಲಕ ತಲೆಯ ಮೇಲೆ ಮುಚ್ಚಿಕೊಳ್ಳುತ್ತದೆ. ಕತ್ತಿನದೂ ಸೇರಿ ಒಟ್ಟು 13 ಫಲಕ. ಮುಚ್ಚಿಕೊಂಡ ಮೇಲೆ ಉಗುರು ತೂರಿಸಲೂ ಜಾಗ ಸಿಗುವುದಿಲ್ಲ. ಫಲಕಗಳಿಗೆ ಇಷ್ಟು ಗಟ್ಟಿತನ ಬರುವುದು ಸುಣ್ಣದ ಅಂಶದಿಂದ.

ಹೆಣ್ಣಿಗೆ 21 ಜೊತೆ ಕಾಲು. ಗಂಡಿಗೆ ಹಿಂದುಗಡೆ ಇನ್ನೂ ಎರಡು ಜೊತೆ ಇರುತ್ತವೆ, ಆದರೆ ಅವು ನಡೆಯುವುದಕ್ಕಲ್ಲ. ಇಕ್ಕಳದ ಕೆಲಸ ಅವುಗಳದ್ದು, ಕೂಡುವಾಗ ಹೆಣ್ಣನ್ನು ಹಿಡಿದುಕೊಳ್ಳಲು. ಅವುಗಳಲ್ಲಿ ಒಂದು ಜೊತೆಯ ಮೇಲೆ ಸಾಲು ಗೆರೆಗಳಿರುತ್ತವೆ. ಗಂಡು ಅವನ್ನು ಉಜ್ಜಿ ಸದ್ದು ಹೊರಡಿಸುತ್ತದೆ. ಯಾಕೆ ಗೊತ್ತಾ? ಹೆಣ್ಣು ಹುಳಕ್ಕೆ ಮುಟ್ಟಿದವರು ಶತ್ರುವೋ ಗಂಡೋ ತಿಳಿಯಬೇಕಲ್ವಾ? ಇಲ್ಲದಿದ್ದರೆ ಅದು ಸುಮ್ನೆ ಉಂಡೆಯಾಗಿ ಬಿದ್ದಿರುತ್ತದೆ, ಗಂಡು ಸುತ್ತಮುತ್ತ ತಿರುಗುತ್ತಲೇ ಇರಬೇಕಾಗುತ್ತದೆ.

ಇನ್ನೊಂದು ವಿಶೇಷ. ಉದ್ದನೆಯ ಸಹಸ್ರಪದಿಗಳಿಗೆ ಮೈಯ ಎರಡೂ ಬದಿಗೆ ವಿಷ ಸುರಿಸುವ ರಂಧ್ರಗಳಿರುತ್ತವೆ. ಸ್ಫೇರೋಥೀರಿಡಾ ಗಣದವಕ್ಕೆ ಆ ಗ್ರಂಥಿಗಳೇ ಇಲ್ಲ. ಕವಚವೇ ಅವುಗಳ ಪೂರ್ತಿ ರಕ್ಷಣೆ. ಹಾಗಾಗಿ ಮಗಳ ಅಂಗೈಗೆ ಏನೂ ಆಗುವುದಿಲ್ಲ.

ಸಾಕುವ ವಿಷಯಕ್ಕೆ ಬಂದರೆ, ಬೇಡ ಅನ್ನುತ್ತೇನೆ. ಸಹಸ್ರಪದಿಗಳು ಉಸಿರಾಡುವ ರಂಧ್ರಗಳು ಕಾಲಿನ ಬುಡದಲ್ಲಿವೆ. ಅವನ್ನು ಬಿಗಿಯಾಗಿ ಮುಚ್ಚಿಕೊಳ್ಳಲು ಆಗದ್ದರಿಂದ ಮೈಯ ನೀರು ಬೇಗ ಆರಿಹೋಗುತ್ತದೆ. ಕೊಡಗಿನ ನೆರಳು, ಒದ್ದೆ ತರಗೆಲೆ, ಕೊಳೆತ ಮರ ನಿಮ್ಮ ಡಬ್ಬಿಯಲ್ಲಿಲ್ಲ. ಜೊತೆಗೆ ತೋಟಕ್ಕೆ ಇದರ ಕೆಲಸ ದೊಡ್ಡದು. ಬಿದ್ದ ಎಲೆಯನ್ನು ಅಗಿದು ಹಿಕ್ಕೆ ಮಾಡಿ ಮಣ್ಣಿಗೆ ಸೇರಿಸುತ್ತದೆ. ಇದೇ ಕುಲದ ಆರ್ತ್ರೋಸ್ಫೇರಾ ಮ್ಯಾಗ್ನಾ ಬಳಸಿ ತೋಟದ ಕಸದಿಂದ ಗೊಬ್ಬರ ಮಾಡುವ ಬಗ್ಗೆ ಮಂಗಳೂರು ವಿಶ್ವವಿದ್ಯಾಲಯದವರು ಅಧ್ಯಯನ ಮಾಡಿದ್ದಾರೆ. ಯಾರಾದರೂ ಮಡಿಕೇರಿ ಕಡೆ ಹೋಗುವವರಿದ್ದರೆ ಮುಚ್ಚಳಕ್ಕೆ ತೂತು ಮಾಡಿ, ಒದ್ದೆ ಎಲೆ ತುಂಬಿ ಕಳಿಸಿಕೊಡಿ. ಸಿಕ್ಕಿದ ತೋಟಕ್ಕೇ ಬಿಡಿಸಿ, ಕುಕ್ಕರಹಳ್ಳಿ ಕೆರೆ ದಂಡೆಗಲ್ಲ. ಮಗಳು ಹಟ ಮಾಡಿದರೆ ಹೂಕುಂಡದ 7 ಜೊತೆ ಕಾಲಿನವರನ್ನು ಸಾಕಲಿ, ಅವು ಹೇಗೂ ಮನೆಯವೇ.

ಪ್ರಶ್ನೆ: ನಮ್ಮ ಗೊಬ್ಬರದ ಗುಂಡಿಯಲ್ಲಿ ತುಕ್ಕು ಕೆಂಪು ಬಣ್ಣದ, ಎರಡು ಇಂಚು ಉದ್ದದ ಸಾವಿರ ಕಾಲಿನ ಹುಳ ವಿಪರೀತ ಆಗಿವೆ. ಜೋರು ಮಳೆ ಬಂದರೆ ಬಚ್ಚಲಿಗೂ ಬರುತ್ತವೆ. ಹಿಡಿದ ಮಗನ ಬೆರಳು ಕಂದಾಗಿದೆ. ಕಚ್ಚಿರಬಹುದಾ? ಕಬ್ಬಿನ ಬೇರು ತಿನ್ನುತ್ತವಾ?
– ರೈತರು, ಪಾಂಡವಪುರ ತಾಲ್ಲೂಕು, ಮಂಡ್ಯ

ಉತ್ತರ: ಕಚ್ಚಿಲ್ಲ. ಕಚ್ಚುವುದು ಜರಿ. ಅದಕ್ಕೆ ಒಂದು ಉಂಗುರಕ್ಕೆ ಒಂದೇ ಜೊತೆ ಕಾಲು, ಮೈ ಚಪ್ಪಟೆ, ಓಟ ಜೋರು, ತಲೆಯ ಕೆಳಗೆ ವಿಷದ ಕೊಂಡಿ. ನಿಮ್ಮದು ದುಂಡಗೆ, ನಿಧಾನಕ್ಕೆ ಹೋಗುವಂಥದ್ದು. ನೀವು ಹೇಳುವ ಲಕ್ಷಣ ಟ್ರೈಗೋನ್ಯುಲಸ್ ಕೊರಾಲಿನಸ್‌ಗೆ ಹೊಂದುತ್ತದೆ. ಸ್ಪೈರೋಬೊಲಿಡಾ ಗಣದ್ದು, ಆಗ್ನೇಯ ಏಷ್ಯಾ ಮೂಲದ್ದು, ಬಿಸಿ ಹವೆಯ ಹಲವು ದೇಶಗಳಿಗೆ ಹರಡಿದೆ. ಹೆದರಿದಾಗ ಬೆಂಜೊಕ್ವಿನೋನ್ ಅನ್ನುವ ಘಾಟು ರಸ ಬಿಡುತ್ತದೆ. ಬೆರಳು ಕಂದಾಗಿರುವುದು ಅದರಿಂದಲೇ. ಸೋಪು ಹಾಕಿ ತೊಳೆಯಿರಿ, ಕಲೆ ಕೆಲವು ದಿನಗಳಲ್ಲಿ ಹೋಗುತ್ತದೆ. ಆ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಕಣ್ಣಿಗೆ ಬಿದ್ದರೆ ಚೆನ್ನಾಗಿ ನೀರು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ.

ಕಬ್ಬಿನ ಚಿಂತೆ ಬಿಡಿ. ಇವುಗಳ ಊಟ ಕೊಳೆತ ರವದಿ, ಸೆಗಣಿ, ಎಲೆ. ಗುಂಡಿಯಲ್ಲಿ ಇದ್ದಷ್ಟೂ ಗೊಬ್ಬರ ಬೇಗ ಆಗುತ್ತದೆ. ಮಣ್ಣಿನಲ್ಲಿ ನೀರು ನಿಂತಾಗ ಒಣ ಜಾಗ ಹುಡುಕಿಕೊಂಡು ಬಚ್ಚಲಿಗೆ ಬರುತ್ತವೆ. ಗೋಡೆಗೆ ತಾಗಿಕೊಂಡ ಕಸ ತೆಗೆಸಿ, ಬಂದವನ್ನು ಗುಡಿಸಿ ಗುಂಡಿಗೇ ಹಾಕಿ. ಔಷಧಿ ಹೊಡೆಯುವುದು ದಂಡ.

ಪ್ರಶ್ನೆ: ಸಾವಿರ ಕಾಲು ನಿಜವಾಗಿ ಇರುತ್ತಾ ಸರ್?
– ವಿದ್ಯಾರ್ಥಿ, ಮದ್ದೂರು

ಉತ್ತರ: 2021ರವರೆಗೆ ಇಲ್ಲ ಅಂತಲೇ ಹೇಳಬೇಕಿತ್ತು. ಅಲ್ಲಿಯವರೆಗಿನ ದಾಖಲೆ ಕ್ಯಾಲಿಫೋರ್ನಿಯಾದ ಒಂದು ಪ್ರಭೇದದ 750 ಕಾಲು. ಆ ವರ್ಷ ಪಶ್ಚಿಮ ಆಸ್ಟ್ರೇಲಿಯಾದ ಗಣಿ ಪ್ರದೇಶದಲ್ಲಿ ಕೊರೆದಿದ್ದ ಬಾವಿಯ 60 ಮೀಟರ್ ಆಳದಲ್ಲಿ ಸಿಕ್ಕಿದ ಯೂಮಿಲಿಪೆಸ್ ಪರ್ಸೆಫೋನಿಗೆ ಹೆಸರಿಟ್ಟರು. ಕಣ್ಣಿಲ್ಲ, ಬಣ್ಣವಿಲ್ಲ, ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಒಂದು ಹೆಣ್ಣು ಹುಳಕ್ಕೆ 330 ಉಂಗುರ, 1,306 ಕಾಲು!

ಇಷ್ಟು ಕಾಲನ್ನು ಹೇಗೆ ಎಣಿಸುವುದು ಅಂತ ಹೆದರಬೇಡ. ಉಂಗುರ ಎಣಿಸು, ಸಾಕು. ಸಹಸ್ರಪದಿಯ ಒಂದು ಉಂಗುರ ಅಂದರೆ ಎರಡು ಖಂಡಗಳು ಕೂಡಿಕೊಂಡಿರುವುದು, ಅದಕ್ಕೇ ಎರಡು ಜೊತೆ ಕಾಲು. ಆದ್ದರಿಂದ ಉಂಗುರಗಳನ್ನು 4ರಿಂದ ಗುಣಿಸು. ಕತ್ತಿನ ಉಂಗುರಕ್ಕೆ ಕಾಲೇ ಇಲ್ಲ, 4 ಕಳೆ. ಮುಂದಿನ ಮೂರಕ್ಕೆ ಒಂದೊಂದೇ ಜೊತೆ, 6 ಕಳೆ. ಬಾಲದ ತುದಿಗೂ ಕಾಲಿಲ್ಲ, ಇನ್ನೊಂದು 4 ಕಳೆ. 330ಕ್ಕೆ ಈ ಲೆಕ್ಕ ಹಾಕಿ ನೋಡು. ನಿಮ್ಮೂರಿನ ಹುಳಕ್ಕೆ ಹಾಕುವಾಗ ಬಾಲದ ಕಡೆ ಕಾಲಿಲ್ಲದ ಉಂಗುರಗಳು ಒಂದಕ್ಕಿಂತ ಜಾಸ್ತಿ ಇವೆಯಾ ಅಂತ ಮೊದಲು ನೋಡಿಕೋ. ಎಳೆಯ ಹುಳಗಳಲ್ಲಿ ಹಾಗಿರುತ್ತದೆ. ಮೊಟ್ಟೆಯಿಂದ ಬರುವಾಗ ಅವಕ್ಕೆ ಮೂರೇ ಜೊತೆ ಕಾಲು, ಉಳಿದವು ಪೊರೆ ಬಿಟ್ಟಂತೆಲ್ಲ ಮೂಡುತ್ತಾ ಹೋಗುತ್ತವೆ.